ಬಾಲಕವಿಗಳ ಗಮನಕ್ಕೆ: ದಯವಿಟ್ಟು ಮ್ಯೂಟ್‌ನಲ್ಲಿರಿ

2020ರ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಏಪ್ರಿಲ್ ಹೊತ್ತಿಗೆ ನಮ್ಮಲ್ಲಿ ಮನೆಗೊಬ್ಬ ಬಾಲಕವಿ ಹುಟ್ಟಿದ್ದ. ಹೆರಿಗೆ ಮಾಡಿಸಿದ್ದು ವಾಟ್ಸಾಪ್. ‘ಮಕ್ಕಳ ಸುಪ್ತ ಪ್ರತಿಭೆಗೊಂದು ವೇದಿಕೆ’ ಅಂತ ಶುರುವಾಗುವ ಪ್ರಕಟಣೆಗಳು ಬೆಳಗ್ಗೆ ಕಾಫಿಗೆ ಮುಂಚೆಯೇ ಬಂದು ಕೂತಿರುತ್ತಿದ್ದವು. ಶಾಲೆ ಇದ್ದಾಗ ಹೋಮ್‌ವರ್ಕ್ ಕೆಳಗೆ ಸಿಕ್ಕಿಹಾಕಿಕೊಂಡಿದ್ದ ಪ್ರತಿಭೆಯನ್ನು ಒಬ್ಬರೂ ಹುಡುಕಿರಲಿಲ್ಲ. ಶಾಲೆ ಮುಚ್ಚಿದ ಕೂಡಲೇ ಅದು ಸುಪ್ತವಾಗಿದೆ ಅಂತ ಎಲ್ಲರಿಗೂ ಗೊತ್ತಾಯಿತು.

ವಾಟ್ಸಾಪಿನಲ್ಲಿ ಬರುತ್ತಿದ್ದ ಈ ಮಕ್ಕಳ ಕವನ ಸ್ಪರ್ಧೆಗಳ ನಿಯಮಗಳು ಬಹಳ ಸರಳ. ಕವನ ಮಗುವಿನ ಸ್ವಂತದ್ದೇ ಆಗಿರಬೇಕು. ವಿಷಯ ಕೊರೊನಾ ಜಾಗೃತಿಯೇ ಆಗಿರಬೇಕು. ಪ್ರಾಸ ಕಡ್ಡಾಯ. ವಿಡಿಯೊ ಮಾಡುವಾಗ ಮೊಬೈಲ್ ಅಡ್ಡ ಹಿಡಿಯಬೇಕು, ಹಿಂದೆ ಕುಕ್ಕರ್ ಕೂಗಬಾರದು. ಅತಿ ಹೆಚ್ಚು ಲೈಕ್ ಬಂದ ಕವನಕ್ಕೆ ಮೊದಲ ಬಹುಮಾನ. ತೀರ್ಪುಗಾರರ ತೀರ್ಮಾನವೇ ಅಂತಿಮ. ಲೈಕ್ ಎಣಿಸೋಕೆ ತೀರ್ಪುಗಾರರು ಯಾಕೆ ಅಂತ ಮಾತ್ರ ಕೇಳಬೇಡಿ. ಪೋಸ್ಟರ್‌ನಲ್ಲಿ ಅವರ ಫೋಟೊ ಇಷ್ಟು ದೊಡ್ಡದಾಗಿ ಹಾಕಿಯಾಗಿದೆ, ಏನಾದರೂ ಕೆಲಸ ಕೊಡಬೇಕಲ್ಲ.

ನಮ್ಮ ಮೇಲಿನ ಮಹಡಿಯಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ಅವಳಿಗೆ ಈ ಪ್ರಕಟಣೆ ಬರುವ ಮೊದಲೇ ಬರೆಯುವ ಚಟ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವಳು ಬರೆದದ್ದು ಇಷ್ಟು:

ಹಲ್ಲಿ ಹಲ್ಲಿ
ನೀನು ಶಾಲೆಗೆ ಹೋಗಲ್ವಾ
ನಮ್ಮ ಮಿಸ್ಸು ಫೋನಲ್ಲಿದ್ದಾರೆ
ಅವರಿಗೆ ಕಾಲೇ ಇಲ್ಲ

ಅಪ್ಪ ಓದಿದರು. ವರ್ಕ್ ಫ್ರಮ್ ಹೋಮ್ ಇತ್ತಲ್ಲ, ಓದೋಕೆ ಪುರುಸೊತ್ತಿತ್ತು. ಹಲ್ಲಿ ಅಪಶಕುನ ಅಂದರು. ಟೀಚರಿಗೆ ಕಾಲಿಲ್ಲ ಅಂದರೆ ಸ್ಕೂಲಿನವರು ಏನಂದುಕೊಳ್ಳುತ್ತಾರೆ ಅಂದರು. ಮುಖ್ಯವಾಗಿ, ಇದರಲ್ಲಿ ಸಂದೇಶ ಎಲ್ಲಿದೆ ಅಂದರು. ಸಂಜೆ ಅಮ್ಮ, ರಾತ್ರಿ ವಿಡಿಯೊ ಕಾಲ್‌ನಲ್ಲಿ ನಿವೃತ್ತ ಮೇಷ್ಟ್ರಾದ ತಾತ, ಎಲ್ಲರೂ ಕೈ ಹಚ್ಚಿದರು. ಮರುದಿನ ಗ್ರೂಪಿಗೆ ಬಂದ ‘ಸ್ವರಚಿತ’ ಕವನ ಹೀಗಿತ್ತು:

ಕೊರೊನಾ ಎಂಬ ಹೆಮ್ಮಾರಿ
ಬೀದಿ ಬೀದಿ ಅಲೆವ ಮಹಾಮಾರಿ
ಮಾಸ್ಕ್ ಧರಿಸು ನೀ ಜಾಣಮರಿ
ತೊಲಗಿಸೋಣ ನಾವೆಲ್ಲ ಸೇರಿ

ಎಲ್ಲ ಸೇರಿದರೆ ಅಂತರ ಕಾಪಾಡೋದು ಹೇಗೆ ಅಂತ ಹುಡುಗಿ ಕೇಳಿದಳಂತೆ. ಪ್ರಾಸಕ್ಕೆ ಇರಲಿ ಬಿಡು ಅಂದರಂತೆ ತಾತ.

ಮಾರಿಯ ಪ್ರಾಸ ಆ ವರ್ಷ ರಾಜ್ಯದ ತುಂಬ ಹರಡಿತ್ತು, ಅದಕ್ಕೆ ಯಾವ ಲಾಕ್‌ಡೌನೂ ತಗುಲಲಿಲ್ಲ. ಏಳು ವರ್ಷದ ಮಕ್ಕಳೆಲ್ಲ ‘ಸಂಕಲ್ಪ’, ‘ಭಾರತಾಂಬೆ’, ‘ಕೊರೊನಾ ವಾರಿಯರ್’ ಅಂತ ನ್ಯೂಸ್ ಚಾನೆಲ್ ಆಂಕರ್ ಥರ ಕೈ ಬೀಸಿ ಹೇಳುತ್ತಿದ್ದರು. ಕಣ್ಣು ಮಾತ್ರ ಕ್ಯಾಮೆರಾದ ಪಕ್ಕ. ಅಲ್ಲಿ ಅಮ್ಮ ಚಾರ್ಟ್ ಪೇಪರ್ ಹಿಡಿದು ನಿಂತಿದ್ದಾರೆ.

ಆಮೇಲೆ ಲೈಕ್ ಬೇಟೆ. ‘ನಮ್ಮ ಪುಟ್ಟಿಗೆ ನಿಮ್ಮ ಒಂದು ಅಮೂಲ್ಯ ಲೈಕ್’ ಅಂತ ದುಬೈನ ಚಿಕ್ಕಪ್ಪನಿಗೆ, ಗ್ಯಾಸ್ ತರುವ ಹುಡುಗನಿಗೆ, ಹತ್ತು ವರ್ಷದಿಂದ ಮಾತು ಬಿಟ್ಟ ದಾಯಾದಿಗೆ ಮೆಸೇಜು ಹೋಯಿತು. ಆಸ್ತಿ ವಿಚಾರದಲ್ಲಿ ಒಪ್ಪದ ದಾಯಾದಿ ಕವನದ ವಿಚಾರದಲ್ಲಿ ಒಪ್ಪಿಕೊಂಡ. ಅವನ ಮಗನದೂ ಅದೇ ಸ್ಪರ್ಧೆಯಲ್ಲಿ ಇತ್ತು ಅನ್ನೋದು ಬೇರೆ ಮಾತು.

ಇನ್ನು ಆನ್‌ಲೈನ್ ಮಕ್ಕಳ ಕವಿಗೋಷ್ಠಿ. ಇದನ್ನು ಕಣ್ಣಾರೆ ಕಂಡವರೇ ಪುಣ್ಯವಂತರು. ಜೂಮ್‌ನಲ್ಲಿ ದುಡ್ಡು ಕೊಡದೆ ಸಭೆ ಮಾಡಿದರೆ 40 ನಿಮಿಷಕ್ಕೆ ತಾನಾಗಿ ಕಡಿದು ಹೋಗುತ್ತದೆ. ಆ ಅಮೆರಿಕದ ಕಂಪನಿಗೆ ನಮ್ಮ ಸಭಾ ಸಂಪ್ರದಾಯ ಏನು ಗೊತ್ತು ಪಾಪ. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು. ಉದ್ಘಾಟನೆಗೆ ಒಬ್ಬರು ತಮ್ಮ ದೇವರ ಕೋಣೆಯಲ್ಲೇ ದೀಪ ಹಚ್ಚಿದರು, ಉಳಿದವರು ತಂತಮ್ಮ ಚೌಕದಲ್ಲಿ ಎದ್ದು ನಿಂತರು. ಒಬ್ಬರು ಎದ್ದಾಗ ಕೆಳಗೆ ಲುಂಗಿ ಇದ್ದದ್ದು ಜಗತ್ತಿಗೆ ಗೊತ್ತಾಯಿತು. ಪ್ರಾಸ್ತಾವಿಕ ನುಡಿಯವರು ಮೊದಲ ಐದು ನಿಮಿಷ ಮ್ಯೂಟ್‌ನಲ್ಲೇ ಮಾತಾಡಿದರು. ಯಾರೋ ಹೇಳಿದ ಮೇಲೆ, ಒಂದಕ್ಷರ ಬಿಡದೆ ಮೊದಲಿನಿಂದ ಶುರು ಮಾಡಿದರು. ಆಮೇಲೆ ಬಂದರು ಮುಖ್ಯ ಅತಿಥಿ. ‘ಇಂದಿನ ಮಕ್ಕಳು ಮೊಬೈಲ್ ದಾಸರಾಗುತ್ತಿದ್ದಾರೆ’ ಅಂತ, ಮೊಬೈಲ್ ಮುಂದೆ ಕಟ್ಟಿ ಕೂರಿಸಿದ್ದ ಮಕ್ಕಳಿಗೆ ಬಹಳ ಹೊತ್ತು ತಿಳಿಹೇಳಿದರು. ಅಷ್ಟರಲ್ಲಿ ಮೀಟಿಂಗ್ ಕಟ್. ಹೊಸ ಲಿಂಕ್ ಬಂತು, ಎಲ್ಲರೂ ಮತ್ತೆ ಒಳಗೆ ಬಂದರು. ‘ನಾನು ಎಲ್ಲಿಗೆ ನಿಲ್ಲಿಸಿದ್ದೆ?’ ಅಂದರು ಅತಿಥಿಗಳು. ಯಾರಾದರೂ ಹೇಳಬೇಕೇ!

ಮಕ್ಕಳ ಸರದಿ ಬಂದಾಗ ತಲಾ ಒಂದು ನಿಮಿಷ. ಒಬ್ಬಳ ನೆಟ್ ಹೋಯಿತು, ಒಬ್ಬ ನಿದ್ದೆ ಹೋಗಿದ್ದ.

ಕೊನೆಗೆ ಇ-ಸರ್ಟಿಫಿಕೇಟ್ ಬಂತು, ಎಲ್ಲರಿಗೂ. ಸುತ್ತ ಬಂಗಾರದ ಬಳ್ಳಿ, ಕೆಳಗೆ ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಗೌರವಾಧ್ಯಕ್ಷರ ಸಹಿ. ಮಗುವಿನ ಹೆಸರಿನಲ್ಲಿ ಮಾತ್ರ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಅಧ್ಯಕ್ಷರ ಹೆಸರಿನ ಹಿಂದಿನ ‘ಡಾ.’ ಎರಡು ಸಲ ಬಂದಿತ್ತು.

ಸರ್ಕಾರವೂ ಇದರ ಮಧ್ಯೆ ಸುಮ್ನೆ ಕೂತಿರಲಿಲ್ಲ. ಚಿಕ್ಕ ಮಕ್ಕಳ ಕಣ್ಣಿಗೆ, ಮನಸ್ಸಿಗೆ ಒಳ್ಳೆಯದಲ್ಲ ಅಂತ ಆ ಜೂನ್‌ನಲ್ಲಿ ಐದನೇ ಕ್ಲಾಸಿನವರೆಗೆ ಆನ್‌ಲೈನ್ ತರಗತಿ ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಿಷೇಧ ಇದ್ದಷ್ಟು ದಿನ ಮಕ್ಕಳು ಮಗ್ಗಿ ಕಲಿಯಲು ಸ್ಕ್ರೀನ್ ನೋಡುವಂತಿರಲಿಲ್ಲ. ಬಾಲಕವಿ ಪ್ರಶಸ್ತಿಗೆ ಎಷ್ಟು ಬೇಕಾದರೂ ನೋಡಬಹುದಿತ್ತು. ಆ ಆದೇಶದಲ್ಲಿ ಕವಿಗೋಷ್ಠಿಯ ಮಾತೇ ಇರಲಿಲ್ಲವಲ್ಲ.

ಸುಪ್ತ ಪ್ರತಿಭೆ ಹುಡುಕುವವರು ಹೋಗದೇ ಉಳಿದ ಜಾಗ ಒಂದಿತ್ತು. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಗಸ್ಟ್‌ನಿಂದ ವಿದ್ಯಾಗಮ ಅಂತ ಊರ ದೇವಸ್ಥಾನದ ಜಗುಲಿ, ಅರಳಿಕಟ್ಟೆ, ಯಾರದೋ ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡುತ್ತಿದ್ದರು. ಅಲ್ಲಿನ ಮಕ್ಕಳು ಬರೆದದ್ದು ನೋಟ್‌ಬುಕ್ಕಿನಲ್ಲೇ ಉಳಿಯಿತು. ಮನೆಯಲ್ಲಿದ್ದ ಒಂದೇ ಫೋನು ಅಪ್ಪನ ಜೇಬಿನಲ್ಲಿ ಗಾರೆ ಕೆಲಸಕ್ಕೆ ಹೋಗಿರುತ್ತಿತ್ತು. ಮಲೆನಾಡಿನಲ್ಲಿ ಫೋನ್ ಇದ್ದವರೂ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಬೇಕಿತ್ತು, ಮಳೆ ಬಂದರೆ ಛತ್ರಿ ಹಿಡಿದು. ಅವರ ಕವನಕ್ಕೆ ಲೈಕ್ ಒತ್ತುವವರು ಯಾರು? ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ವಿದ್ಯಾಗಮವೂ ನಿಂತಿತು. ಅದಕ್ಕೆ ಬೀಳ್ಕೊಡುಗೆ ಕವಿಗೋಷ್ಠಿಯನ್ನಂತೂ ಯಾರೂ ಮಾಡಲಿಲ್ಲ.

ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಬಾಗಿಲಿಗೆ ಮಾವಿನ ತೋರಣ, ಬಲೂನು, ಹೂವು, ಸ್ಯಾನಿಟೈಸರು. ಹುಡುಗಿ ಅಷ್ಟರಲ್ಲಿ ಮೂರನೇ ಕ್ಲಾಸು. ಮೊದಲ ವಾರವೇ ಅವಳಿಗೆ ಒಂದು ಸ್ಪರ್ಧೆ ಸಿಕ್ಕಿತು: ‘ಲಾಕ್‌ಡೌನ್‌ನಲ್ಲಿ ನನ್ನ ಅನುಭವ’, 100 ಪದಗಳಿಗೆ ಮೀರದಂತೆ. ಮಕ್ಕಳಿಗೆ ಕಷ್ಟವಾಗಬಾರದು ಅಂತ ಅನುಭವವನ್ನು ಮಿಸ್ಸೇ ಬೋರ್ಡ್ ಮೇಲೆ ಬರೆದುಕೊಟ್ಟಿದ್ದರು. ಎಲ್ಲರೂ ಕಾಪಿ ಮಾಡಿಕೊಂಡರು.