ಮಂಚಕ್ಕೂ ಪಾರ್ಕಿಂಗ್ ಮೀಟರು

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತದೆ ನಮ್ಮ ಗಾದೆ. ಹೆಸರಲ್ಲೇ ಕಾಲಿಟ್ಟುಕೊಂಡ ಕಾಲಿನ್‌ಗೆ ಅದನ್ನು ಹೇಳಿಕೊಟ್ಟವರಿಲ್ಲ. 1965ರ ‘ದ ನ್ಯಾಕ್’ ಚಿತ್ರದ ಈ ಮೇಷ್ಟ್ರಿಗೆ (ಮೈಕಲ್ ಕ್ರಾಫರ್ಡ್) ಹುಡುಗಿಯರ ಮುಂದೆ ನಾಲಿಗೆಯೇ ಹೊರಳದು. ಅವನ ಮನೆಯಲ್ಲಿ ಬಾಡಿಗೆಗಿರುವ ಟೋಲನ್‌ಗಾದರೋ ಮೆಟ್ಟಿಲುದ್ದಕ್ಕೂ ಹುಡುಗಿಯರ ಸಾಲು. ತನ್ನಲ್ಲಿ ಕೊರತೆ ಏನೆಂದು ಯೋಚಿಸಿ ಯೋಚಿಸಿ ಮೇಷ್ಟ್ರು ಕಂಡುಕೊಂಡದ್ದು: ಮಂಚ ಚಿಕ್ಕದು!

ಸರಿ, ಗುಜರಿಯಿಂದ ಕಬ್ಬಿಣದ ಡಬಲ್ ಮಂಚ ತಂದದ್ದಾಯಿತು. ಗೆಳೆಯ ಟಾಮ್, ಆಗಷ್ಟೇ ಲಂಡನ್ನಿಗೆ ಬಂದಿಳಿದ ನ್ಯಾನ್ಸಿ (ರೀಟಾ ತುಷಿಂಗಂ) ಜೊತೆ ಸೇರಿ ಬೀದಿ ಬೀದಿಯಲ್ಲಿ ಅದನ್ನು ತಳ್ಳುತ್ತಾರೆ. ಅರವತ್ತರ ದಶಕದ ಮುಕ್ತ ಪ್ರೇಮ ಬಂದದ್ದೇನೋ ನಿಜ, ಸಾಗಾಣಿಕೆ ಮಾತ್ರ ಸ್ವಂತ ಖರ್ಚು.

ತಳ್ಳಿ ನೋಡಿದವರಿಗೇ ಗೊತ್ತು ಅದರ ಪಾಡು. ಇಂಥ ಮಂಚಕ್ಕೆ ನಾಲ್ಕೂ ಸುತ್ತುವ ಗಾಲಿ. ಹಿಂದಿನೆರಡಾದರೂ ನೆಟ್ಟಗೆ ನಿಂತರೆ ದಿಕ್ಕು ಸಿಕ್ಕೀತು. ನಾಲ್ಕೂ ಸುತ್ತಿದರೆ ಮಂಚ ತನಗೆ ತೋಚಿದ ಕಡೆಗೇ ಹೊರಡುತ್ತದೆ. ಮಳೆನೀರು ಹರಿಯಲೆಂದು ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿದಿರುತ್ತದಲ್ಲ, ಹಾಗಾಗಿ ಅದಕ್ಕೆ ತೋಚುವುದು ಸದಾ ಚರಂಡಿಯೇ. 2 ಅಂಗುಲ ಅಡ್ಡಳತೆಯ ಗಾಲಿ 1 ಅಂಗುಲ ಎತ್ತರದ ಅಂಚಿಗೆ ಬಡಿದರೆ ಮುಗಿಯಿತು, ಎಷ್ಟೇ ನೂಕಿದರೂ ಹತ್ತದು. ಎತ್ತಲೇಬೇಕು. ಎತ್ತಿದರೆ ಸವೆದ ಕಾಲಿನೊಳಗಿನ ಗಾಲಿ ಸದ್ದಿಲ್ಲದೆ ಕಳಚಿ ಬೀಳುತ್ತದೆ. ಗೊತ್ತಾಗುವುದು ಇಳಿಸಿದ ಮೇಲೆ. ಮೊದಲೇ ನಾಲ್ಕಕ್ಕೂ ದಾರ ಕಟ್ಟಿಕೊಳ್ಳಿ.

ಸುಸ್ತಾದರೆ ನಿಲ್ಲಿಸುವುದೆಲ್ಲಿ? ಚಿತ್ರದಲ್ಲಿ ಅದು ಪಾರ್ಕಿಂಗ್ ಮೀಟರಿನ ಪಕ್ಕ ಕಾರಿನಷ್ಟೇ ಗಂಭೀರವಾಗಿ ನಿಲ್ಲುತ್ತದೆ. ಲಂಡನ್ನಿನಲ್ಲಿ ಮೀಟರು ಬಂದದ್ದು 1958ರಲ್ಲಿ, ಮೇಫೇರ್‌ನಲ್ಲಿ; ಗಂಟೆಗೆ 6 ಪೆನ್ಸ್. ಲಾಡ್ಜಿಗಿಂತ ಅಗ್ಗ. ದಾರಿಹೋಕ ಹಿರಿಯರ ಮುಖಗಳಿಗೆ ನಿರ್ದೇಶಕ ರಿಚರ್ಡ್ ಲೆಸ್ಟರ್ ಆಮೇಲೆ ಗೊಣಗಾಟದ ದನಿ ಕೂಡಿಸಿದ್ದಾನೆ. ಕಾಲ ಕೆಟ್ಟಿತು ಅನ್ನುವುದಕ್ಕೆ ಭಾಷೆ ಬೇಕಿಲ್ಲ, ಮುಖವೇ ಸಾಕು.

ಚಿತ್ರಕ್ಕೆ 1965ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಬಂತು. ಕೊನೆಯಲ್ಲಿ ಅತ್ಯಾಚಾರದ ಕೂಗನ್ನೇ ತಮಾಷೆ ಮಾಡಿದ್ದು ಮಾತ್ರ ಇವತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಇನ್ನು ಬಾಗಿಲು. ಬ್ರಿಟಿಷ್ ಡಬಲ್ ಮಂಚದ ಅಗಲ ನಾಲ್ಕೂವರೆ ಅಡಿ, ಅಲ್ಲಿನ ಕೋಣೆ ಬಾಗಿಲು ಎರಡೂವರೆ. ಬಿಚ್ಚದೆ ಗತಿಯಿಲ್ಲ. ತಲೆದೆಸೆ, ಕಾಲ್ದೆಸೆ, ಎರಡು ಪಕ್ಕದ ಪಟ್ಟಿ. ಪಟ್ಟಿಯ ತುದಿ ಬೆಣೆಯಂತೆ ಮೇಲಿನಿಂದ ಗೂಡಿಗಿಳಿದು ಕೂತಿರುತ್ತದೆ. ಎಣ್ಣೆ ಬಿಟ್ಟು ಒಂದು ರಾತ್ರಿ ತಾಳಿ, ಕೆಳಗಿನಿಂದ ಮೇಲಕ್ಕೆ ಮರದ ತುಂಡಿಟ್ಟು ತಟ್ಟಿ. ನೇರ ಸುತ್ತಿಗೆ ಬೀಸಿದರೆ ಬೀಡುಕಬ್ಬಿಣದ ಗೂಡು ಬಿಸ್ಕತ್ತಿನಂತೆ ಸೀಳುತ್ತದೆ, ಬೆಸುಗೆಯೂ ಸರಿಯಾಗಿ ಹಿಡಿಯದು.

ಜೋಡಿಸಿದ ಮೇಲೆ ಗಾಲಿಗಳಡಿ ನಾಲ್ಕು ಮರದ ಬಟ್ಟಲಿಡುವುದು ಮರೆಯಬಾರದು. ಇಲ್ಲದಿದ್ದರೆ ಅಷ್ಟು ದೂರ ತಳ್ಳಿ ತಂದ ಮಂಚ, ಬೇಕಾದ ಹೊತ್ತಿನಲ್ಲೇ ತಾನಾಗಿ ಕಿಟಕಿಯತ್ತ ಹೊರಡುತ್ತದೆ.