ನುಣುಪು ಬೇರೆ, ಸಮ ಬೇರೆ

ನಾಲ್ಕು ಹಲಗೆಗೆ ಅಂಟು ಹಚ್ಚಿ, ಕ್ಲಾಂಪ್ ಬಿಗಿದು, ಮರುದಿನ ಬಿಚ್ಚಿದಾಗ ಟೇಬಲ್ ಮುಗಿದೇಹೋಯ್ತು ಅನ್ನಿಸುತ್ತದೆ. ಬೆರಳನ್ನು ಅಡ್ಡಕ್ಕೆ ಎಳೆದು ನೋಡಿ. ಒಂದೊಂದು ಜಾಯಿಂಟಿನಲ್ಲೂ ಒಂದೊಂದು ಪುಟಾಣಿ ಮೆಟ್ಟಿಲು. ಕಣ್ಣಿಗೆ ಕಾಣದು, ಬೆರಳು ಮಾತ್ರ ಬಿಡುವುದಿಲ್ಲ.

ಮೊದಲ ಸಲ ನಾನು ಸೀದಾ ಉಪ್ಪುಕಾಗದ ಹಿಡಿದೆ. ಎರಡು ಸಂಜೆ ಉಜ್ಜಿದ್ದಕ್ಕೆ ಮಗುವಿನ ಕೆನ್ನೆಯ ಹಾಗಾಯ್ತು. ಪಾಲಿಶ್ ಹೊಡೆದು ಕಿಟಕಿ ಪಕ್ಕ ಇಟ್ಟೆ ನೋಡಿ, ಬೆಳಕು ಅದರ ಮೇಲೆ ಕೆರೆಯ ನೀರಿನಂತೆ ಅಲೆಅಲೆಯಾಗಿ ಬಿತ್ತು! ಉಪ್ಪುಕಾಗದಕ್ಕೆ ದಿಬ್ಬ ಯಾವುದು, ತಗ್ಗು ಯಾವುದು ಗೊತ್ತಾಗಲ್ಲ. ಕೈ ಒತ್ತಿದ ಕಡೆ, ಮರ ಮೆತ್ತಗಿದ್ದ ಕಡೆ ಜಾಸ್ತಿ ತಿನ್ನುತ್ತಾ ಹೋಗುತ್ತದೆ.

ತೋಪಡ, ಅಂದರೆ ಬಡಗಿಗಳು ಮರ ಕೀಸುವ ಬ್ಲೇಡಿನ ಸಾಧನ, ಹಾಗಲ್ಲ. ಅದರ ತಳ ನೇರ, ಉದ್ದವೂ ಹೌದು, ಹಾಗಾಗಿ ದಿಬ್ಬಗಳ ಮೇಲೆ ಕೂತು ಅವನ್ನಷ್ಟೇ ಕೀಸುತ್ತದೆ. ನಾನೀಗ ಹಲಗೆ ತುಂಬಾ ಪೆನ್ಸಿಲ್‌ನಿಂದ ಗೀಚಿಬಿಡುತ್ತೇನೆ, ಚಿಕ್ಕ ಮಕ್ಕಳು ಗೋಡೆ ಮೇಲೆ ಗೀಚಿದ ಹಾಗೆ. ತೋಪಡ ಹೊಡೆಯುತ್ತಾ ಹೋದಂತೆ ಎತ್ತರದ ಗೆರೆಗಳು ಅಳಿಸುತ್ತವೆ, ತಗ್ಗಿನವು ಉಳಿಯುತ್ತವೆ. ಪಕ್ಕಪಕ್ಕದ ಹಲಗೆಗಳ ಎಳೆ ಬೇರೆ ಬೇರೆ ದಿಕ್ಕಿಗಿದ್ದರೆ ಒಂದು ನುಣ್ಣಗಾಗುವಾಗ ಇನ್ನೊಂದು ಸಿಬಿರೇಳುತ್ತದೆ, ಅದಕ್ಕೇ ಮೊದಲು ಅಡ್ಡಡ್ಡಕ್ಕೆ ಹೊಡೆದು ಸಮ ಮಾಡಿಕೊಂಡು, ಉದ್ದಕ್ಕೆ ಕೊನೆಯಲ್ಲಿ, ತೀರಾ ತೆಳುವಾಗಿ. ಅಡ್ಡ ಹೊಡೆಯುವಾಗ ಆಚೆ ಅಂಚು ಚಕ್ಕೆ ಏಳುತ್ತದೆ; ಆ ಅಂಚನ್ನು ಮೊದಲೇ ಸ್ವಲ್ಪ ಓರೆಯಾಗಿ ಕೀಸಿಟ್ಟರೆ ಬಚಾವ್.

ಅಂಟಿನದೇ ಒಂದು ರಗಳೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮರದೊಳಕ್ಕೇ ಇಳಿದು, ಪಾಲಿಶ್ ಹೊಡೆದ ಮೇಲೆ ಬಿಳಚಿಕೊಂಡು ಕಾಣುತ್ತದೆ. ಪೂರಾ ಒಣಗಲು ಬಿಟ್ಟರೆ ತೋಪಡದ ಬ್ಲೇಡಿನ ಹರಿತ ಹೋಯ್ತು. ರಬ್ಬರಿನಂತಾದಾಗ ಉಳಿಯಲ್ಲಿ ಎಬ್ಬಿಸಬೇಕು, ಪಟ್ಟಿಪಟ್ಟಿಯಾಗಿ ಕಿತ್ತು ಬರುವಾಗ ಏನೋ ಖುಷಿ. ಆಮೇಲೂ ತೋಪಡಕ್ಕೆ ಅವಸರ ಬೇಡ: ಅಂಟಿನ ನೀರು ಕುಡಿದು ಜಾಯಿಂಟ್ ಪಕ್ಕದ ಮರ ಊದಿರುತ್ತದೆ, ಆಗಲೇ ಕೀಸಿದರೆ ಒಣಗಿದ ಮೇಲೆ ಅಲ್ಲೊಂದು ಸಣ್ಣ ಚರಂಡಿ.

ಇಷ್ಟಾದ ಮೇಲೆ ಉಪ್ಪುಕಾಗದ. ನಂಬರ್ ಏರಿದಷ್ಟೂ ಕಾಗದ ನುಣುಪು. ಒರಟು 80ಕ್ಕೆ ನನ್ನಲ್ಲಿ ಕೆಲಸವಿಲ್ಲ; 120, 180, 220, ಹೀಗೆ ಒಂದರ ಮೇಲೊಂದು. ನಡುವಿನದನ್ನು ಹಾರಿಸಿದರೆ ಹಿಂದಿನ ಗೀರುಗಳು ಪಾಲಿಶ್ ಬಿದ್ದ ಮೇಲೆ ಎದ್ದು ಕೂರುತ್ತವೆ.

ಟೇಬಲ್ಲಿನ ಅಡಿಭಾಗವನ್ನು ಮಾತ್ರ ತೋಪಡದಲ್ಲಿ ಒಂದಷ್ಟು ಕೀಸಿ ಬಿಟ್ಟಿದ್ದೇನೆ. ಯಾರು ನೋಡ್ತಾರೆ, ಅಲ್ವಾ? ಆದರೆ ಬಂದವರು ಮಾತಾಡುತ್ತಾ ಸುಮ್ನೆ ಕೈಯನ್ನು ಅಡಿಗೆ ಹಾಕಿ ಸವರುತ್ತಾರೆ. ಆಗ ನಾನು ಮಾತನ್ನು ಬೇರೆ ಕಡೆ ತಿರುಗಿಸುತ್ತೇನೆ.