188ನೇ ಕಾರ್ಡು ಎಲ್ಲಿ ಹೋಯಿತು?

"ಸಾದಾ ಟಪಾಲು ಅಲ್ವಾ ಅಮ್ಮ, ಅದಕ್ಕೆಲ್ಲ ಗ್ಯಾರಂಟಿ ಇಲ್ಲ. ಬೇಕಿದ್ರೆ ಸ್ಪೀಡ್ ಪೋಸ್ಟ್ ಮಾಡಿಸಿ."

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಿನ್ನೆ ಪೋಸ್ಟ್ ಆಫೀಸಿನಲ್ಲಿ ಮತ್ತೆ ಕೇಳಿಸಿಕೊಂಡು ಬಂದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೊಬ್ಬಳು ಗೆಳತಿ ಇದ್ದಾಳೆ, ಧಾರವಾಡದ ಕಡೆಯವಳು. ಟಿಸಿಎಚ್, ಅಂದರೆ ಟೀಚರ್ ಟ್ರೈನಿಂಗ್, ಓದುವಾಗ ಹಾಸ್ಟೆಲ್ಲಿನಲ್ಲಿ ಒಂದೇ ರೂಮಿನಲ್ಲಿದ್ದೆವು. ಆಮೇಲೆ ಅವಳ ಕೆಲಸ ಅವಳ ಊರಲ್ಲಿ, ನನ್ನದು ಇಲ್ಲಿ ಮಲೆನಾಡಿನಲ್ಲಿ. ಇಬ್ಬರೂ ರಿಟೈರ್ ಆದೆವು. 2025ರ ಯುಗಾದಿಯ ದಿನ ಒಂದು ಮಾತು ಮಾಡಿಕೊಂಡೆವು. ದಿನಕ್ಕೊಂದು ಕಾರ್ಡು. ಅಂಗಡಿಯದಲ್ಲ, ಕೈಯಲ್ಲಿ ಮಾಡಿದ್ದು. ಅವಳು ನನಗೆ, ನಾನು ಅವಳಿಗೆ. ಮೂಲೆಯಲ್ಲಿ ನಂಬರ್ ಹಾಕಬೇಕು. ಭಾನುವಾರವೂ ಬಿಡುವ ಹಾಗಿಲ್ಲ, ಸೋಮವಾರ ಎರಡೂ ಒಟ್ಟಿಗೆ ಡಬ್ಬಿಗೆ ಬೀಳಬೇಕು.

ನಾನು ಹಸೆ ಚಿತ್ತಾರ ಬರೆಯುತ್ತೇನೆ. ಅಮ್ಮ ಗೋಡೆಯ ಮೇಲೆ ಬರೆಯುತ್ತಿದ್ದದ್ದನ್ನೇ ಡ್ರಾಯಿಂಗ್ ಶೀಟಿನ ಮೇಲೆ ಬರೆಯುವುದು. ಶೀಟನ್ನು 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸುತ್ತೇನೆ, ಅಂಚೆಯ ಹಳದಿ ಕಾರ್ಡಿನ ಅಳತೆಗೇ. ಕೆಮ್ಮಣ್ಣಿಗೆ ಸ್ವಲ್ಪ ಅಂಟು ಸೇರಿಸಿ ಬಳಿದು ಒಣಗಿಸುತ್ತೇನೆ. ನೆನೆಸಿದ ಅಕ್ಕಿ ಅರೆದು ಬಿಳಿ. ಅಕ್ಕಿಯನ್ನೇ ಕಪ್ಪಗೆ ಹುರಿದು ಅರೆದರೆ ಕಪ್ಪು. ಪುಂಡಿ ನಾರಿನ ಕುಂಚದಲ್ಲಿ ಎಳೆ ಎಳೆಯಾಗಿ ಗೆರೆ ಎಳೆಯಬೇಕು. ಒಂದು ಕಾರ್ಡಿಗೆ ಕಡಿಮೆ ಅಂದರೂ ಒಂದೂವರೆ ಗಂಟೆ ಬೇಕು. ಅವಳದು ಕಸೂತಿ. ಗ್ರಾಫ್ ಹಾಳೆಯನ್ನು ರಟ್ಟಿಗೆ ಅಂಟಿಸಿ, ಚೌಕ ಎಣಿಸಿ ಎಣಿಸಿ ಪೆನ್ನಿನಲ್ಲಿ ಗವಂತಿ, ಮುರಗಿ ಹೊಲಿಗೆಗಳ ಗೆರೆ ಹಾಕುತ್ತಾಳೆ. ತೇರು, ಗೋಪುರ, ಆನೆ. ಹಿಂದುಗಡೆ ನಾಲ್ಕು ಸಾಲು. ಮನೆಯಲ್ಲಿ ಏನು ಅಡುಗೆ, ಯಾರು ಬಂದಿದ್ದರು, ಮೊಣಕಾಲು ನೋವು ಹೇಗಿದೆ, ಅಷ್ಟೇ.

ಇದರಲ್ಲಿ ಯಾರಿಗೆ ಏನು ತೊಂದರೆ ಹೇಳಿ. ಸ್ಟ್ಯಾಂಪು ಹಚ್ಚುತ್ತೇವೆ. ಪಿನ್ ಕೋಡ್ ಸರಿಯಾಗಿ ಬರೆಯುತ್ತೇವೆ. ವಿಳಾಸ ಗುಂಡಗಿನ ಅಕ್ಷರದಲ್ಲಿ ಇರುತ್ತದೆ, ಇಬ್ಬರೂ ಒಂದನೇ ಕ್ಲಾಸಿನ ಮಕ್ಕಳಿಗೆ ಕಾಪಿ ಬರೆಸಿದವರು. ಆದರೂ ಇವತ್ತಿನವರೆಗೆ ಅವಳ 41 ಕಾರ್ಡು ನನಗೆ ಬಂದಿಲ್ಲ. ನನ್ನ 33 ಅವಳಿಗೆ ಮುಟ್ಟಿಲ್ಲ. ನಂಬರ್ ಇರುವುದರಿಂದ ಗೊತ್ತಾಯಿತು. ಇಲ್ಲದಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ.

ಶುರುವಿನಲ್ಲೇ ಒಂದು ರಗಳೆ ಆಯಿತು. ಕೈಯಲ್ಲಿ ಬರೆದ ಕಾರ್ಡಿಗೆ 50 ಪೈಸೆ. ಅಚ್ಚು ಹಾಕಿದ ಕಾರ್ಡಿಗೆ 6 ರೂಪಾಯಿ. 50 ಪೈಸೆಯ ಸ್ಟ್ಯಾಂಪು ಸಿಗುವುದಿಲ್ಲ ಅಂತ ನಾನು 1 ರೂಪಾಯಿಯದು ಹಚ್ಚುತ್ತೇನೆ. ಒಂದು ದಿನ ಕೌಂಟರಿನಲ್ಲಿದ್ದವರು ಕಾರ್ಡು ತಿರುಗಿಸಿ ನೋಡಿ, "ಇದು ಪ್ರಿಂಟು, 6 ರೂಪಾಯಿ ಆಗುತ್ತೆ" ಅಂದರು. "ಇಲ್ಲ ಸಾರ್, ಕೈಯಲ್ಲೇ ಬರೆದದ್ದು" ಅಂದೆ. ನಂಬಲಿಲ್ಲ. ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಚಿತ್ತಾರದ ಮೇಲೆ ಉಜ್ಜಿದರು! ಕೆಮ್ಮಣ್ಣು ಬೆರಳಿಗೆ ಬಂತು. ಬಿಳಿ ಗೆರೆ ಅಳಿಸಿ ಹೋಯಿತು. "ಓ, ಹೌದು" ಅಂದು ಕಾರ್ಡನ್ನು ಪಕ್ಕದ ಟ್ರೇಗೆ ಎಸೆದರು. ಒಂದೂವರೆ ಗಂಟೆಯ ಕೆಲಸ. ಒಂದು "ಸಾರಿ" ಕೂಡ ಇಲ್ಲ. ಎದುರಿಗೆ ನಿಂತ ನನ್ನ ಮುಖ ಸಹ ನೋಡಲಿಲ್ಲ.

ಆ ಕಡೆಯೂ ಅದೇ ಕತೆ. ಒಂದು ಕಾರ್ಡಿಗೆ ಅವಳ ಹತ್ತಿರ 10 ರೂಪಾಯಿ ದಂಡ ಕಟ್ಟಿಸಿಕೊಂಡರು. ಅವರ ಲೆಕ್ಕದಲ್ಲಿ ಕಡಿಮೆ ಬಿದ್ದದ್ದು 5, ಅದರ ಎರಡು ಪಟ್ಟು. ಕಡಿಮೆ ಬಿದ್ದೇ ಇರಲಿಲ್ಲ. ಅವಳು ಜಗಳ ಮಾಡಲಿಲ್ಲ, ಕಾರ್ಡು ವಾಪಸ್ ಹೋದೀತು ಅಂತ ದುಡ್ಡು ಕೊಟ್ಟು ಇಸಕೊಂಡಳು.

ಸೀಲಿನ ವಿಷಯ ಹೇಳಲೇಬೇಕು. ಸೀಲು ಹೊಡೆಯಬೇಕಾದದ್ದು ಸ್ಟ್ಯಾಂಪಿನ ಮೇಲೆ. ದಿನಾಂಕ ಓದುವ ಹಾಗಿರಬೇಕು, ಊರಿನ ಹೆಸರು ಕಾಣಬೇಕು. ನನಗೆ ಬರುವ ಕಾರ್ಡುಗಳಲ್ಲಿ ಸ್ಟ್ಯಾಂಪು ಎಷ್ಟೋ ಸಲ ಹಾಗೇ ಇರುತ್ತದೆ, ಸೀಲು ಚಿತ್ರದ ನಡುವೆ ಬಿದ್ದಿರುತ್ತದೆ. ಅದೂ ಎಣ್ಣೆ ಎಣ್ಣೆ ಕಪ್ಪು ಮಸಿ, ದಿನಾಂಕ ಇಲ್ಲ, ಊರೂ ಇಲ್ಲ, ಸುಮ್ನೆ ಒಂದು ಕಲೆ. ಅವಳು ಎರಡು ದಿನ ಕೂತು ಹಾಕಿದ ತೇರಿನ ಕಳಶದ ಮೇಲೆ ಅಂಥದೊಂದು ಕಲೆ ಬಿದ್ದಿದೆ. ಹೊಡೆಯುವವರಿಗೆ ಕಾರ್ಡು ತಿರುಗಿಸುವಷ್ಟೂ ಪುರುಸೊತ್ತಿಲ್ವಾ?

ಆಷಾಢದಲ್ಲಿ ಎರಡು ವಾರಕ್ಕೂ ಮೇಲೆ ಒಂದು ಕಾರ್ಡೂ ಬರಲಿಲ್ಲ. ನಮ್ಮ ಕಡೆ ಮಳೆ, ರಸ್ತೆ ಕೆಟ್ಟಿದೆ, ತಡವಾಗುತ್ತದೆ ಅಂತ ಸುಮ್ಮನಿದ್ದೆ. ಕೊನೆಗೆ ಕೊಡೆ ಹಿಡಿದುಕೊಂಡು ಹೋಗಿ ಕೇಳಿದೆ. "ನಿಮ್ಮದಾ? ಇರಬೇಕು ನೋಡಿ" ಅಂದು ಒಳಗೆ ಹೋದರು. ಕಿಟಕಿಯ ಪಕ್ಕದ ಕಪಾಟಿನ ಮೇಲಿಂದ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು ತಂದರು. 96ರಿಂದ 106ರವರೆಗೆ, ಹನ್ನೊಂದು ಕಾರ್ಡು. ಇರಚಲು ನೀರು ಕುಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಒಂದರ ಚಿತ್ರ ಇನ್ನೊಂದರ ಬೆನ್ನಿಗೆ ಹತ್ತಿ ಬಂತು. "ದಿನಾ ಒಂದೊಂದು ಕಾರ್ಡಿಗೆ ನಿಮ್ಮ ಬೀದಿಗೆ ಯಾರು ಬರ್ತಾರಮ್ಮ, ಒಟ್ಟಿಗೆ ಕೊಡೋಣ ಅಂತ ಇಟ್ಟಿದ್ರು" ಅಂದರು.

ಒಟ್ಟಿಗೆ ಕೊಡುವುದಕ್ಕೆ ಅದೇನು ಮಾಸಪತ್ರಿಕೆಯಾ? ಆ ಹನ್ನೊಂದು ದಿನ ಅವಳ ಮನೆಯಲ್ಲಿ ಅವಳ ಅವ್ವನ ಕಣ್ಣಿನ ಆಪರೇಷನ್. ಮೊದಲ ಕಾರ್ಡಿನಲ್ಲಿ ಹೆದರಿಕೆ, ಐದನೆಯದರಲ್ಲಿ ಪಟ್ಟಿ ಬಿಚ್ಚಿದ್ದು, ಎಂಟನೆಯದರಲ್ಲಿ ಅವ್ವ ಗೋಡೆಯ ಗಡಿಯಾರ ಓದಿದ್ದು. ಇದನ್ನೆಲ್ಲ ನಾನು ಒಂದು ಸಂಜೆ ಒದ್ದೆ ಕಾಗದದಲ್ಲಿ ಅರ್ಧಂಬರ್ಧ ಓದಿದೆ. ಫೋನ್ ಮಾಡಬಾರದಿತ್ತಾ ಅಂತ ಕೇಳುವವರಿದ್ದಾರೆ. ಮಾಡುತ್ತೇವೆ, ಮಾಡಿದೆವು. ಆದರೆ ಫೋನಿನಲ್ಲಿ "ಎಲ್ಲ ಆರಾಮ" ಅನ್ನುವವಳು ಕಾರ್ಡಿನಲ್ಲಿ "ರಾತ್ರಿ ಅತ್ತೆ" ಅಂತ ಬರೆಯುತ್ತಾಳೆ. ವಾಟ್ಸ್ಯಾಪಿನಲ್ಲಿ ಫೋಟೋ ಕಳಿಸಿ ಅಂತ ಸಲಹೆ ಕೊಡುವವರಿಗೂ ಇದೇ ಉತ್ತರ.

ಕಷ್ಟ ನನಗೆ ಗೊತ್ತಾಗುವುದಿಲ್ಲ ಅಂತಲ್ಲ. ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಹುಡುಗನ ಸೈಕಲ್ ತುಂಬ ಆನ್‌ಲೈನ್ ಪಾರ್ಸಲ್ಲು. ಅದರ ಜೊತೆ ಖಾತೆ ಮಾಡಿಸು, ವಿಮೆ ಮಾಡಿಸು ಅಂತ ಟಾರ್ಗೆಟ್ಟು. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕಾರ್ಡು ಮುಟ್ಟಿಸಲು 12 ರೂಪಾಯಿಗೂ ಜಾಸ್ತಿ ಖರ್ಚು, ಬರುವುದು 50 ಪೈಸೆ, ಅಂತ 2016-17ರ ಸರ್ಕಾರದ ಲೆಕ್ಕದಲ್ಲೇ ಇತ್ತು. ಹಾಗಿದ್ದರೆ ರೇಟು ಜಾಸ್ತಿ ಮಾಡಿ. 5 ರೂಪಾಯಿ ಮಾಡಿ, 10 ಮಾಡಿ, ನಾವು ಕೊಡುತ್ತೇವೆ. ಕಡಿಮೆ ಇಟ್ಟವರೂ ನೀವೇ, ಕಡಿಮೆ ದುಡ್ಡಿನದು ಅಂತ ಮೂಲೆಗೆ ಎಸೆಯುವವರೂ ನೀವೇ. ತೆಗೆದುಕೊಂಡಿದ್ದು ಎಂಟಾಣೆಯೇ ಇರಲಿ, ತೆಗೆದುಕೊಂಡ ಮೇಲೆ ಮುಟ್ಟಿಸಬೇಕು, ಅಲ್ವಾ?

ಈ ದೇಶದಲ್ಲಿ ಮೊದಲ ಕಾರ್ಡು ಬಂದದ್ದು 1879ರ ಜುಲೈ 1ರಂದು, ಕಾಲಾಣೆಗೆ. ಮದುವೆ ನಿಶ್ಚಯ, ಹೆರಿಗೆ, ಕೆಲಸ ಸಿಕ್ಕಿದ್ದು, ಎಲ್ಲ ನಮ್ಮ ಮನೆಗಳಿಗೆ ಕಾರ್ಡಿನಲ್ಲೇ ಬಂತು. ಮೂಲೆಗೆ ಅರಿಶಿನ ಹಚ್ಚಿದ್ದರೆ ಓದುವ ಮೊದಲೇ ಅಜ್ಜಿಯ ಮುಖ ಅರಳುತ್ತಿತ್ತು. ಸಾವಿನ ಕಾರ್ಡನ್ನು ಓದಿದ ತಕ್ಷಣ ಹರಿದು ಹಾಕುತ್ತಿದ್ದರು, ಮನೆಯೊಳಗೆ ಇಡುತ್ತಿರಲಿಲ್ಲ. ಆಗಿನ ಪೋಸ್ಟ್‌ಮ್ಯಾನ್ ಹಳ್ಳ ತುಂಬಿದ್ದರೆ ದಂಡೆಯಲ್ಲಿ ನಿಂತು ಆಚೆಯವರನ್ನು ಕೂಗಿ ಕರೆದು ಸುದ್ದಿ ಹೇಳಿ ಹೋಗುತ್ತಿದ್ದರು. ಇದು ನಾನು ಕಣ್ಣಾರೆ ಕಂಡದ್ದು. ಅವರಿಗೂ ಅದು ಸಾದಾ ಟಪಾಲೇ ಆಗಿತ್ತು.

ಈಗ ಒಂದು ಪುರಾವೆ ಇಟ್ಟುಕೊಳ್ಳೋಣ ಅಂದರೆ ಅದಕ್ಕೂ ದಾರಿ ಇಲ್ಲ. ಮೊದಲು ಸ್ವಲ್ಪ ದುಡ್ಡು ಕೊಟ್ಟರೆ ಸಾದಾ ಟಪಾಲು ಹಾಕಿದ್ದಕ್ಕೆ ಸೀಲು ಹೊಡೆದು ಸರ್ಟಿಫಿಕೇಟ್ ಕೊಡುತ್ತಿದ್ದರು. 2011ರಲ್ಲಿ ಅದು ನಿಂತಿತು. ರಿಜಿಸ್ಟರ್ ಪೋಸ್ಟ್ ಅಂತ ಇತ್ತು, 2025ರಲ್ಲಿ ಅದನ್ನೂ ಸ್ಪೀಡ್ ಪೋಸ್ಟಿಗೆ ಸೇರಿಸಿಬಿಟ್ಟರು. ಇನ್ನು ಉಳಿದದ್ದು ಎರಡೇ. ಜಾಸ್ತಿ ದುಡ್ಡು ಕೊಟ್ಟು ಸ್ಪೀಡ್ ಪೋಸ್ಟ್ ಮಾಡಿಸು, ಇಲ್ಲ ದೇವರ ಮೇಲೆ ಭಾರ ಹಾಕಿ ಡಬ್ಬಿಗೆ ಹಾಕು. ದಿನಾ ಒಂದು ಕಾರ್ಡಿಗೆ ಸ್ಪೀಡ್ ಪೋಸ್ಟ್ ಮಾಡಿಸಿದರೆ ನನ್ನ ಪೆನ್ಷನ್ ಏನಾಗಬೇಕು?

ಇಷ್ಟನ್ನೆಲ್ಲ ನುಂಗಿಕೊಂಡಿದ್ದೆ. 188ನೇ ಕಾರ್ಡಿನದು ಮಾತ್ರ ನುಂಗಲು ಆಗುತ್ತಿಲ್ಲ.

ಅದು ಗೆಳತಿ ಮಾಡಿದ್ದಲ್ಲ, ಅವಳ ಅವ್ವ ಮಾಡಿದ್ದು. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕಿ ಮಕ್ಕಳನ್ನು ಓದಿಸಿದ ಕೈ ಅದು. ಕಣ್ಣು ಮಂಜಾಗಿ ಹತ್ತು ವರ್ಷ ಸೂಜಿ ಮುಟ್ಟಿರಲಿಲ್ಲ. ಆಪರೇಷನ್ ಆದ ಮೇಲೆ, ನವರಾತ್ರಿಯಲ್ಲಿ, "ಕೊಡವಾ, ನಿನ್ನ ಗೆಳತಿಗೆ ಒಂದು ನಾನೂ ಬರೀತೀನಿ" ಅಂತ ಮಗಳ ಕೈಯಿಂದ ಪೆನ್ನು ಇಸಕೊಂಡರಂತೆ. ಮೂರು ದಿನ ಕೂತು ತುಳಸಿ ಕಟ್ಟೆ ಬರೆದರಂತೆ. ಒಂದು ಚೌಕ ತಪ್ಪಿದರೆ ಮತ್ತೆ ಮೊದಲಿಂದ ಎಣಿಸುವುದು. ಹಿಂದುಗಡೆ ತಾವೇ ಬನ್ನಿ ಹಬ್ಬದ ಮಾತು ಬರೆದರಂತೆ, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತ. ಹಬ್ಬದ ಮರುದಿನ, ಅಕ್ಟೋಬರ್ 3ಕ್ಕೆ ಡಬ್ಬಿಗೆ ಹಾಕಿದರು.

187 ಬಂತು. 189 ಬಂತು. 188 ಇಲ್ಲ.

ಮೂರು ತಿಂಗಳಿಂದ ಕೇಳುತ್ತಿದ್ದೇನೆ. ಇಲ್ಲಿ "ಅಲ್ಲಿಂದಲೇ ಬಂದಿಲ್ಲ" ಅನ್ನುತ್ತಾರೆ. ಅಲ್ಲಿ "ನಾವು ಕಳಿಸಿದ್ದೇವೆ" ಅನ್ನುತ್ತಾರೆ. ದೂರು ಕೊಡುತ್ತೇನೆ ಅಂದರೆ "ಬುಕ್ಕಿಂಗ್ ನಂಬರ್ ಕೊಡಿ" ಅನ್ನುತ್ತಾರೆ. ಸಾದಾ ಕಾರ್ಡಿಗೆ ನಂಬರ್ ಕೊಟ್ಟವರು ಯಾರು, ನಾನು ತರಲಿ ಎಲ್ಲಿಂದ? ನಿನ್ನೆ ಹೋಗಿ, ಒಂದು ಸಲ ಕಪಾಟಿನ ಹಿಂದೆ, ಟ್ರೇ ಕೆಳಗೆ ನೋಡಿ ಅಂತ ಬೇಡಿಕೊಂಡೆ. ಕುರ್ಚಿಯಿಂದ ಏಳಲಿಲ್ಲ. "50 ಪೈಸೆ ಕಾರ್ಡಿಗೆ ಇಷ್ಟೊಂದು ಯಾಕಮ್ಮ" ಅಂದರು.

ಆ ಅವ್ವ ಫೋನಿನಲ್ಲಿ ಪ್ರತಿ ಸಲ ಕೇಳುತ್ತಾರೆ, "ನಾ ಬರದ ಕಾರ್ಡ್ ಮುಟ್ಟೇತೇನವಾ?" ಮೊದಲ ತಿಂಗಳು "ಇನ್ನೂ ಇಲ್ಲ ಅವ್ವಾ, ಬರುತ್ತೆ" ಅಂದೆ. ಮೊನ್ನೆ ಸುಳ್ಳು ಹೇಳಿದೆ. ಮುಟ್ಟಿತು, ತುಂಬ ಚೆನ್ನಾಗಿದೆ, ಗೋಡೆಗೆ ಹಾಕಿದ್ದೇನೆ ಅಂದೆ. ಖುಷಿಪಟ್ಟರು. ಎಡಗಡೆ ಒಂದು ಗೆರೆ ನಡುಗಿದೆ, ನೋಡಿದಿಯಾ ಅಂತ ಕೇಳಿದರು. ನೋಡಿದೆ ಅಂದೆ. ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಹೇಳಿದವಳ ಬಾಯಲ್ಲಿ ಈ ಮಾತು ಬರಿಸಿದರು.

ಇದನ್ನು ಓದುವವರಲ್ಲಿ ಟಪಾಲು ವಿಂಗಡಿಸುವವರಿದ್ದರೆ, ಹಂಚುವವರಿದ್ದರೆ, ಅಥವಾ ಯಾರದೋ ಕಾರ್ಡು ತಪ್ಪಿ ನಿಮ್ಮ ಮನೆ ಬಾಗಿಲಿಗೆ ಬಂದು ಬಿದ್ದಿದ್ದರೆ, ದಯವಿಟ್ಟು ಒಂದು ಸಲ ನೋಡಿ. ಹಳದಿ ರಟ್ಟು, ಮೇಲೆ ಗ್ರಾಫ್ ಹಾಳೆ. ಕೆಂಪು ಪೆನ್ನಿನ ತುಳಸಿ ಕಟ್ಟೆ, ಎಡಗಡೆ ಒಂದು ಗೆರೆ ನಡುಗಿದೆ. ಬಲಗಡೆ ಮೂಲೆಯಲ್ಲಿ 188. ಸ್ಟ್ಯಾಂಪು ಹಚ್ಚಿದೆ, ವಿಳಾಸ ಬರೆದಿದೆ. ಹತ್ತಿರದ ಕೆಂಪು ಡಬ್ಬಿಗೆ ಮತ್ತೆ ಹಾಕಿದರೆ ಸಾಕು.